ಡೀಸೆಲ್ ಮೋಟಾರಿನಲ್ಲಿ ಆಗಾಗ್ಗೆ ಹೊತ್ತಿ ಆರುವ ಎಂಜಿನ್ ದೀಪ

ಹುತ್ತೂರು ಹೋಬಳಿಯ ಬೇಸಾಯಗಾರರು ಕೋಲಾರದ ಮಾರುಕಟ್ಟೆಗೆ ಟೊಮ್ಯಾಟೊ ಸಾಗಿಸುವ ಡೀಸೆಲ್ ಮೋಟಾರುಗಳಲ್ಲಿ, ಎಂಜಿನ್ನಿನ ಆಕೃತಿಯುಳ್ಳ ಹಳದಿ ದೀಪವು ಒಂದು ದಿವಸ ಹೊತ್ತಿ ಮತ್ತೊಂದು ದಿವಸ ತಾನಾಗಿಯೇ ಆರುವುದುಂಟು. ಆರಿದ ಮಾತ್ರಕ್ಕೆ ದೋಷವು ಪರಿಹಾರವಾಯಿತೆಂದು ತಿಳಿಯಕೂಡದು. ಸಾಮಾನ್ಯವಾಗಿ ಮೂರು ಸಾರಿಯ ಓಡಾಟದಲ್ಲಿ ದೋಷವು ಕಾಣದಿದ್ದರೆ ದೀಪವು ಆರುವುದು. ದೋಷದ ಸಂಕೇತವಾದರೋ ಯಂತ್ರದಲ್ಲಿ ಕೆಲವು ಕಾಲ ಉಳಿದಿರುವುದು. ಬ್ಯಾಟರಿಯ ತಂತಿಯನ್ನು ಕಳಚಿದರೆ ಆ ಸಂಕೇತವು ಅಳಿದುಹೋಗಬಹುದಾದ ಕಾರಣ ಹಾಗೆ ಮಾಡತಕ್ಕದ್ದಲ್ಲ.

ದೀಪವು ಹೊತ್ತಿದಾಗ ಎಂಜಿನ್ ತಣ್ಣಗಿತ್ತೇ, ಮಳೆಯಿತ್ತೇ, ಹೊರೆ ಎಷ್ಟಿತ್ತು ಎಂಬಿವುಗಳನ್ನು ಮೊದಲು ಬರೆದಿಡತಕ್ಕದ್ದು. ಆಮೇಲೆ ಸ್ಟೀರಿಂಗಿನ ಕೆಳಭಾಗದಲ್ಲಿರುವ 16 ಪಿನ್ನಿನ ಕಿಂಡಿಗೆ ಸ್ಕ್ಯಾನರನ್ನು ಜೋಡಿಸಿ ಸಂಕೇತವನ್ನು ಓದಿಸಬೇಕು. ಸಂಕೇತವು ದೋಷದ ದಿಕ್ಕನ್ನು ತೋರಿಸುವುದೇ ಹೊರತು, ಯಾವ ಭಾಗವನ್ನು ಬದಲಾಯಿಸಬೇಕೆಂದು ಹೇಳುವುದಿಲ್ಲ. ಆದುದರಿಂದ ಎರಡನ್ನೂ ಹೋಲಿಸಿ ನೋಡತಕ್ಕದ್ದು.

ಮಳೆಯಲ್ಲಿ ಮಾತ್ರ ಹೊತ್ತಿದರೆ ತಂತಿಯ ಜೋಡಣೆಗಳಲ್ಲಿ ತೇವವನ್ನೂ ಕಿಲುಬನ್ನೂ, ಕುಲುಕಿನಲ್ಲಿ ಹೊತ್ತಿದರೆ ಸಡಿಲವಾದ ಅಥವಾ ಇಲಿ ಕಡಿದ ತಂತಿಗಳನ್ನೂ ಹುಡುಕಬೇಕು. ಹೊರೆಯೊಡನೆ ಏರನ್ನು ಹತ್ತುವಾಗ ಹೊತ್ತಿದರೆ ಡೀಸೆಲ್ ಫಿಲ್ಟರು ಕಟ್ಟಿರಬಹುದು, ಇ.ಜಿ.ಆರ್. ವಾಲ್ವಿಗೆ ಮಸಿ ಹಿಡಿದಿರುವುದೂ ಉಂಟು. 2020ನೆಯ ಏಪ್ರಿಲಿನಲ್ಲಿ ಬಿ.ಎಸ್. 6 ನಿಯಮವು ಜಾರಿಗೆ ಬಂದನಂತರ ಡೀಸೆಲ್ ಕಾರುಗಳಿಗೆ ಹೊಗೆಯ ಮಸಿಯನ್ನು ಹಿಡಿಯುವ ಫಿಲ್ಟರನ್ನು ಅಳವಡಿಸಿರುತ್ತಾರೆ. ಬಹಳ ಬಿಸಿಯಾದ ಹೊರತು ಆ ಮಸಿಯು ಸುಟ್ಟುಹೋಗದು. ಸದಾ ಕಿರುದಾರಿಯಲ್ಲಿಯೇ ಓಡುವ ಮೋಟಾರನ್ನು ಆಗಾಗ್ಗೆ ದೂರ ಓಡಿಸುವುದು ಹಿತಕರ.

ಎಣ್ಣೆಯ ಒತ್ತಡದ ಕೆಂಪು ದೀಪವು ಹೊತ್ತಿದರೆ ಎಂಜಿನ್ನನ್ನು ಕೂಡಲೇ ನಿಲ್ಲಿಸತಕ್ಕದ್ದು. ಹಳದಿ ದೀಪವನ್ನಾದರೋ ಸುಗ್ಗಿಗೆ ಮೊದಲೇ ಪರೀಕ್ಷಿಸಿದರೆ, ಕೊಯ್ದ ಹಣ್ಣು ದಾರಿಯಲ್ಲಿ ಕೊಳೆಯುವ ನಷ್ಟವು ತಪ್ಪುವುದು.