ಮನಸ್ಸೂ ಬೇಕು, ಮಸ್ಟರ್ ರೋಲೂ ಬೇಕು

ಪಿಯುಸಿ ಫಲಿತಾಂಶ ಬಂತೆಂದರೆ ನೆಂಟರಿಷ್ಟರಿಂದ, ಕಾರ್ಖಾನೆಯ ಸಹೋದ್ಯೋಗಿಗಳಿಂದ ನನಗೆ ಫೋನ್ ಶುರು. ‘ಮಗಳು ಸೈಕಾಲಜಿ ತಗೋತೀನಿ ಅಂತಾಳೆ. ಅದಕ್ಕೆ ಕೆಲಸ ಸಿಗುತ್ತಾ? ಎಚ್‌ಆರ್ ಓದಿಸಿದ್ರೆ ವಾಸೀನಾ?’ ನಾನು ಮೈಸೂರಿನಲ್ಲಿ ಬಿ.ಎ.ಗೆ ಮನಃಶಾಸ್ತ್ರ ಓದಿದವಳು. ಆಮೇಲೆ ಮಾನವ ಸಂಪನ್ಮೂಲ ನಿರ್ವಹಣೆಯಲ್ಲಿ ಸ್ನಾತಕೋತ್ತರ ಪದವಿ ಮಾಡಿ, ಈಗ ವಾಹನಗಳ ಬಿಡಿಭಾಗ ತಯಾರಿಸುವ ಕಾರ್ಖಾನೆಯೊಂದರ ಎಚ್‌ಆರ್ ವಿಭಾಗ ನೋಡಿಕೊಳ್ಳುತ್ತೇನೆ. ಹಾಗಾಗಿ ಈ ಪ್ರಶ್ನೆ ನನ್ನ ಹತ್ತಿರವೇ ಬರುತ್ತದೆ. ನಾನು ಹೇಳುವುದು ಒಂದೇ: ಸಾಧ್ಯವಾದರೆ ಎರಡನ್ನೂ ಓದಿಸಿ.

ಮನಃಶಾಸ್ತ್ರ ಮನುಷ್ಯನ ಒಳಗನ್ನು ನೋಡಲು ಕಲಿಸುತ್ತದೆ. ಆ ಮನುಷ್ಯ ನಿಂತಿರುವ ಜಾಗವನ್ನು, ಅಂದರೆ ಅವನ ಸಂಬಳ, ಪಾಳಿ, ರಜೆ, ಕಾನೂನು, ಮೇಲಧಿಕಾರಿಯನ್ನು ನೋಡಲು ಎಚ್‌ಆರ್ ಕಲಿಸುತ್ತದೆ. ಒಂದನ್ನಷ್ಟೇ ಓದಿದರೆ ಬಸ್ಸಿನ ಸಮಸ್ಯೆಯನ್ನು ಮನಸ್ಸಿನ ಸಮಸ್ಯೆ ಅಂದುಕೊಳ್ಳುವ ಅಪಾಯವಿದೆ; ಮನಸ್ಸಿನ ಸಂಕಟಕ್ಕೆ ಮೆಮೊ ಕೊಡುವ ಅಪಾಯವೂ ಇದೆ.

ನಮ್ಮ ಜೋಡಣಾ ವಿಭಾಗದ ಒಬ್ಬ ಹೆಣ್ಣುಮಗಳ ವಿಷಯ ಹೇಳುತ್ತೇನೆ. ‘ಕೆಲಸದಲ್ಲಿ ಆಸಕ್ತಿ ಇಲ್ಲ, ಪದೇ ಪದೇ ಗೈರು’ ಎಂದು ಸೂಪರ್‌ವೈಸರ್ ಬರೆದುಕೊಟ್ಟಿದ್ದರು. ಮಸ್ಟರ್ ರೋಲ್ ತೆಗೆಸಿ ನೋಡಿದರೆ ಗೈರುಹಾಜರಿಯೆಲ್ಲ ಬೆಳಗಿನ ಪಾಳಿಯ ವಾರಗಳಲ್ಲೇ ಬಿದ್ದಿತ್ತು. ಎರಡನೇ ಪಾಳಿಯಲ್ಲಿ ಒಂದು ದಿನವೂ ತಪ್ಪಿಸಿಲ್ಲ. ಕೇಳಿದಾಗ ಗೊತ್ತಾಯಿತು, ಅವಳ ಊರಿಂದ ಮೊದಲ ಬಸ್ಸು ಹೊರಡುವ ಹೊತ್ತಿಗೆ ಇಲ್ಲಿ ಪಾಳಿ ಶುರುವಾಗಿರುತ್ತಿತ್ತು. ಅದೇ ದಾರಿಯಿಂದ ಬರುವ ಇನ್ನೂ ಕೆಲವರ ಕಥೆಯೂ ಅದೇ. ಕಂಪನಿ ಬಸ್ಸಿನ ದಾರಿ ಸ್ವಲ್ಪ ಬದಲಿಸಿದ ಮೇಲೆ ‘ಆಸಕ್ತಿ’ಯ ಮಾತೇ ಬರಲಿಲ್ಲ.

ಇದಕ್ಕೆ ತಿರುಗುಮುರುಗಾದದ್ದೂ ಇದೆ. ಇನ್ನೊಬ್ಬ ಕೆಲಸಗಾರನಿಗೆ ಬಸ್ಸು, ಪಾಳಿ, ಸಂಬಳ ಯಾವುದರಲ್ಲೂ ತೊಂದರೆ ಇರಲಿಲ್ಲ. ಆದರೂ ಎಂದೂ ತಪ್ಪದ ಅಳತೆಗಳಲ್ಲಿ ತಪ್ಪತೊಡಗಿದ. ಊಟದ ಹೊತ್ತಿನಲ್ಲಿ ಒಬ್ಬನೇ ಕೂರುತ್ತಿದ್ದ, ನಿದ್ದೆ ಬರಲ್ಲ ಅನ್ನುತ್ತಿದ್ದ. ಅವನಿಗೆ ಶಿಸ್ತುಕ್ರಮದ ನೋಟಿಸಿಗಿಂತ ಮೊದಲು ವೈದ್ಯರು ಬೇಕಾಗಿದ್ದರು. ಎರಡೂ ಪ್ರಕರಣ ನನ್ನ ಮೇಜಿಗೆ ಬಂದಾಗ ಅವುಗಳ ಮೇಲಿದ್ದ ಷರಾ ಮಾತ್ರ ಒಂದೇ: ‘ಕಾರ್ಯಕ್ಷಮತೆ ಕಡಿಮೆ’.

ಕನ್ನಡಿಯಲ್ಲಿ ಬರೆದ ನಕ್ಷತ್ರ

ಮನಃಶಾಸ್ತ್ರವೆಂದರೆ ಮುಖ ನೋಡಿ ಮನಸ್ಸು ಹೇಳುವ ವಿದ್ಯೆ ಎಂದು ಅನೇಕರು ತಿಳಿದಿದ್ದಾರೆ. ತರಗತಿಯಲ್ಲಿ ಕಲಿಸುವುದು ಅಳೆಯುವುದನ್ನು, ಅನುಮಾನಿಸುವುದನ್ನು. ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಈ ವಿಭಾಗ ಶುರುವಾದದ್ದು 1924ರಲ್ಲಿ, ಬ್ರಜೇಂದ್ರನಾಥ ಸೀಲ್ ಕುಲಪತಿಗಳಾಗಿದ್ದ ಕಾಲದಲ್ಲಿ. ಅದನ್ನು ಕಟ್ಟಿದ ಪ್ರೊ. ಎಂ.ವಿ. ಗೋಪಾಲಸ್ವಾಮಿಯವರು ಲಂಡನ್ನಿನಲ್ಲಿ ಓದಿ ಬಂದವರು. ಮುಂದೆ 1935ರಲ್ಲಿ ಮೈಸೂರಿನ ತಮ್ಮ ಮನೆಯಿಂದಲೇ ‘ಆಕಾಶವಾಣಿ’ ಬಾನುಲಿ ಆರಂಭಿಸಿದವರೂ ಅವರೇ. ಕನ್ನಡ ನಾಡಿನಲ್ಲಿ ಈ ಶಾಸ್ತ್ರಕ್ಕೆ ನೂರು ವರ್ಷದ ಬೇರಿದೆ.

ಮನಃಶಾಸ್ತ್ರ ಓದಿದವರಿಗೆ ‘ಮಿರರ್ ಡ್ರಾಯಿಂಗ್’ ಗೊತ್ತಿರುತ್ತದೆ. ಮೇಜಿನ ಮೇಲೆ ನಕ್ಷತ್ರದ ಚಿತ್ರ, ಅದಕ್ಕೂ ಕಣ್ಣಿಗೂ ನಡುವೆ ಒಂದು ತಡೆ, ಎದುರಿಗೆ ಕನ್ನಡಿ. ಕನ್ನಡಿಯಲ್ಲಿ ಕಾಣುವ ಬಿಂಬವನ್ನೇ ನೋಡುತ್ತ ನಕ್ಷತ್ರದ ಗೆರೆಗಳ ನಡುವೆ ಪೆನ್ಸಿಲ್ ಓಡಿಸಬೇಕು. ಮೊದಲ ಸಲ ಕೈ ಹೇಳಿದ ಮಾತು ಕೇಳುವುದಿಲ್ಲ. ಮೂಲೆ ಬಂದಲ್ಲೆಲ್ಲ ಪೆನ್ಸಿಲ್ ಹಿಮ್ಮುಖವಾಗಿ ಓಡುತ್ತದೆ. ಪ್ರತಿ ಸಲವೂ ಹಿಡಿದ ಸಮಯ, ಆದ ತಪ್ಪು ಬರೆದು ಗ್ರಾಫ್ ಎಳೆದರೆ ಮೊದಮೊದಲು ರೇಖೆ ಸರ್ರನೆ ಇಳಿಯುತ್ತದೆ, ಆಮೇಲೆ ನಿಧಾನವಾಗುತ್ತದೆ, ಕೆಲವೊಮ್ಮೆ ಚಪ್ಪಟೆಯಾಗಿ ನಿಂತೇಬಿಡುತ್ತದೆ.

ಆ ಗ್ರಾಫಿನ ಆಕಾರವನ್ನು ನಾನು ಕಾರ್ಖಾನೆಯಲ್ಲಿ ದಿನವೂ ನೋಡುತ್ತೇನೆ. ಐಟಿಐ ಮುಗಿಸಿ ಬಂದ ಹುಡುಗ ಮೊದಲ ವಾರಗಳಲ್ಲಿ ಭರಭರ ಕಲಿಯುತ್ತಾನೆ. ಆಮೇಲೆ ಅವನ ಲೆಕ್ಕ ಒಂದೇ ಕಡೆ ನಿಲ್ಲುತ್ತದೆ. ‘ಈಗ ಸೋಮಾರಿಯಾದ’ ಎಂದು ಲೈನಿನಲ್ಲಿ ಬೈಗುಳ ಶುರುವಾಗುವುದು ಆಗಲೇ. ಕಲಿಕೆ ಹಾಗೆ ನಿಲ್ಲುವುದು ಸಹಜ, ಆ ಹಂತದಲ್ಲಿ ಒತ್ತಡ ಹಾಕಿದರೆ ತಪ್ಪು ಹೆಚ್ಚಬಹುದು ಎಂದು ಗೊತ್ತಿದ್ದರೆ ತರಬೇತಿಯ ಅವಧಿ, ಗುರಿ ಎರಡನ್ನೂ ಬೇರೆ ಥರ ಗೊತ್ತುಮಾಡುತ್ತೀರಿ. ಪ್ರಯೋಗಾಲಯದ ಪಾಠ ಪಾಳಿಪಟ್ಟಿಗೆ ಇಳಿಯುವುದು ಹೀಗೆ.

ಐದು ಹೆಣ್ಣುಮಕ್ಕಳ ಕೋಣೆ

ಮನಃಶಾಸ್ತ್ರ, ಎಚ್‌ಆರ್ ಎರಡೂ ಪಠ್ಯಗಳಲ್ಲಿ ಬರುವ ಪ್ರಯೋಗವೊಂದಿದೆ. ಷಿಕಾಗೊ ಬಳಿಯ ಸಿಸೆರೊದಲ್ಲಿದ್ದ ವೆಸ್ಟರ್ನ್ ಎಲೆಕ್ಟ್ರಿಕ್ ಕಂಪನಿಯ ಹಾಥಾರ್ನ್ ಕಾರ್ಖಾನೆಯಲ್ಲಿ 1924ರಿಂದ 1932ರವರೆಗೆ ನಡೆದ ಅಧ್ಯಯನಗಳವು. ಟೆಲಿಫೋನ್ ರಿಲೇ ಜೋಡಿಸುವ ಐವರು ಯುವತಿಯರನ್ನು ಪ್ರತ್ಯೇಕ ಕೋಣೆಯಲ್ಲಿ ಕೂರಿಸಿ, ವಿರಾಮದ ಹೊತ್ತು, ಕೆಲಸದ ಗಂಟೆ ಎಲ್ಲ ಬದಲಿಸಿ ನೋಡಿದರು. ಉತ್ಪಾದನೆ ಏರಿತು. ತಮ್ಮನ್ನು ಗಮನಿಸುತ್ತಿದ್ದಾರೆ, ತಮ್ಮ ಮಾತು ಕೇಳುತ್ತಿದ್ದಾರೆ ಎಂಬ ಭಾವನೆಯೇ ಇದಕ್ಕೆ ಕಾರಣ ಎಂಬ ವಿವರಣೆ ಎಲ್ಟನ್ ಮೇಯೊ ಮೊದಲಾದವರಿಂದ ಜಗತ್ತಿಗೆಲ್ಲ ಹರಡಿತು.

ಆದರೆ ದಾಖಲೆಗಳನ್ನು ಮತ್ತೆ ತೆರೆದು ನೋಡಿದವರು ಬೇರೆ ಸಂಗತಿಗಳನ್ನೂ ಎತ್ತಿದರು. ಆ ಕೋಣೆಯಲ್ಲಿ ಕೂಲಿ ಲೆಕ್ಕ ಹಾಕುವ ರೀತಿಯೂ ಬದಲಾಗಿತ್ತು. ದೊಡ್ಡ ವಿಭಾಗದ ಬದಲು ಆ ಚಿಕ್ಕ ಗುಂಪಿನ ಉತ್ಪಾದನೆಗೆ ತಕ್ಕಂತೆ ದುಡ್ಡು ಸಿಗುತ್ತಿತ್ತು. ಮಾತು ಹೆಚ್ಚಾಯಿತೆಂದು ನಡುವೆ ಇಬ್ಬರನ್ನು ತೆಗೆದು ಬೇರೆಯವರನ್ನು ಕೂರಿಸಿದ್ದರು. ಗೌರವದಿಂದ ಕಂಡರೆ ಜನ ಚೆನ್ನಾಗಿ ದುಡಿಯುತ್ತಾರೆ ಎಂಬುದನ್ನು ನಾನು ಪೂರ್ತಿ ನಂಬುತ್ತೇನೆ. ಹಾಗೆಂದು ಸಂಬಳ ಏರಿಸಬೇಕಾದ ಕಡೆ ಬರೀ ಶಹಬ್ಬಾಸ್ ಕೊಟ್ಟು ಮುಗಿಸುವುದು ಅನ್ಯಾಯ. ಈ ಪ್ರಯೋಗವನ್ನು ಎರಡೂ ಕಡೆಯಿಂದ ಓದಿದ ವಿದ್ಯಾರ್ಥಿಗೆ ಇದನ್ನು ಬೇರೆಯಾಗಿ ಹೇಳಿಕೊಡಬೇಕಿಲ್ಲ.

‘ಯಾವೂರು ನಿಮ್ಮದು?’

ನಮ್ಮ ಕಡೆ ಸಂದರ್ಶನ ಶುರುವಾಗುವುದೇ ಈ ಪ್ರಶ್ನೆಯಿಂದ. ಕೇಳುವವರ ಮನಸ್ಸಿನಲ್ಲಿ ಕೆಡುಕಿರುವುದಿಲ್ಲ, ಹುಡುಗನ ಹೆದರಿಕೆ ಹೋಗಲಿ ಎಂದೇ ಕೇಳುತ್ತಾರೆ. ಆದರೆ ಊರಿನಿಂದ ತಾಲ್ಲೂಕಿಗೆ, ಅಲ್ಲಿಂದ ‘ಯಾರ ಪೈಕಿ’ ಎಂಬಲ್ಲಿಗೆ ಮಾತು ಜಾರಲು ಹೊತ್ತು ಬೇಕಿಲ್ಲ. ‘ನಮ್ಮ ಕಡೆಯವನು’ ಎಂದು ಅನಿಸಿದ ಮೇಲೆ ಅವನ ಉಳಿದ ಉತ್ತರಗಳೂ ಚೆನ್ನಾಗಿಯೇ ಕೇಳಿಸುತ್ತವೆ.

ಮನಃಶಾಸ್ತ್ರದ ಸಂಶೋಧನೆ ಇದಕ್ಕೆ ದಾರಿ ತೋರಿಸಿದೆ. ಪಾಲ್ ಸ್ಯಾಕೆಟ್ ಮತ್ತು ಸಂಗಡಿಗರು ದಶಕಗಳ ಅಧ್ಯಯನಗಳನ್ನು ಮತ್ತೆ ಲೆಕ್ಕ ಹಾಕಿ 2022ರಲ್ಲಿ ಪ್ರಕಟಿಸಿದರು. ಎಲ್ಲರಿಗೂ ಒಂದೇ ಪ್ರಶ್ನೆ, ಒಂದೇ ಅಂಕಪದ್ಧತಿ ಇರುವ ಸಂದರ್ಶನಕ್ಕೂ ಮುಂದಿನ ಕೆಲಸದ ಗುಣಮಟ್ಟಕ್ಕೂ ಇರುವ ಸಂಬಂಧ ಸುಮಾರು 0.42, ಮನಸ್ಸಿಗೆ ತೋಚಿದಂತೆ ಹರಟುವ ಸಂದರ್ಶನದ್ದು 0.19. ಪೂರ್ಣ ಹೊಂದಿಕೆಯಿದ್ದರೆ ಅದು 1 ಆಗಿರುತ್ತಿತ್ತು. ಅಂದರೆ ಒಳ್ಳೆಯ ಸಂದರ್ಶನವೂ ಭವಿಷ್ಯ ಹೇಳಲಾರದು, ಆದರೆ ಹರಟೆಗಿಂತ ಎಷ್ಟೋ ಮೇಲು.

ನಾವು ಕೇಳುವ ಪ್ರಶ್ನೆಯೊಂದು ಹೀಗಿದೆ: ‘ಯಂತ್ರ ತಪ್ಪು ಅಳತೆ ಕೊಡ್ತಿದೆ, ಸೂಪರ್‌ವೈಸರ್ ಊಟಕ್ಕೆ ಹೋಗಿದ್ದಾರೆ. ಏನ್ಮಾಡ್ತೀರಿ?’ ಯಂತ್ರ ನಿಲ್ಲಿಸಿ, ಆಗಲೇ ಬಂದ ಪೀಸುಗಳನ್ನು ಬೇರೆ ಇಟ್ಟು, ತಿಳಿಸಬೇಕಾದವರಿಗೆ ತಿಳಿಸುತ್ತೇನೆ ಅಂದರೆ ಪೂರ್ತಿ ಅಂಕ. ಯಾವುದಕ್ಕೆ ಎಷ್ಟೆಂದು ಮೊದಲೇ ಬರೆದಿರುತ್ತೇವೆ. ಪರಸ್ಪರ ಮಾತಾಡುವ ಮುಂಚೆ ಒಬ್ಬೊಬ್ಬರೂ ಅಂಕ ತುಂಬಿ ಸಹಿ ಹಾಕಬೇಕು. ಊರಿನ ಮಾತು ಎಲ್ಲ ಮುಗಿದ ಮೇಲೆ, ಕಾಫಿ ಜೊತೆಗೆ.

ಹೇಳಿಕೊಳ್ಳಲು ಬಂದವರು

1948ರ ಕಾರ್ಖಾನೆ ಕಾಯ್ದೆಯ 49ನೇ ಸೆಕ್ಷನ್ 500 ಅಥವಾ ಹೆಚ್ಚು ಕೆಲಸಗಾರರಿರುವ ಕಡೆ ಕಲ್ಯಾಣಾಧಿಕಾರಿ ಇರಲೇಬೇಕೆಂದು ವಿಧಿಸಿತು. ವೃತ್ತಿ ಸುರಕ್ಷತೆ ಮತ್ತು ಆರೋಗ್ಯ ಕುರಿತ 2020ರ ಸಂಹಿತೆ ಆ ಮಿತಿಯನ್ನು 250ಕ್ಕೆ ಇಳಿಸಿದೆ. ನಮ್ಮ ರಾಜ್ಯದಲ್ಲಿ ಎಷ್ಟೋ ಎಂಎಸ್‌ಡಬ್ಲ್ಯು (ಸಮಾಜಕಾರ್ಯ) ಪದವೀಧರರು ಎಚ್‌ಆರ್‌ಗೆ ಬಂದದ್ದು ಈ ಹುದ್ದೆಯ ಬಾಗಿಲಿನಿಂದಲೇ.

ಈ ಕುರ್ಚಿಯಲ್ಲಿ ಕೂತವರಿಗೆ ಎರಡು ಪಾತ್ರ. ಜನ ಕಷ್ಟ ಹೇಳಿಕೊಳ್ಳುವುದು ನಮ್ಮ ಹತ್ತಿರ. ಅವರ ಬಡ್ತಿ, ವರ್ಗಾವಣೆಯ ಕಡತ ಇರುವುದೂ ನಮ್ಮ ಹತ್ತಿರ. ‘ಮೇಡಂ, ಯಾರಿಗೂ ಹೇಳ್ಬೇಡಿ’ ಎಂದು ಬಾಗಿಲಲ್ಲೇ ಹೇಳುವವರಿಗೆ ನಾನು ಮೊದಲು ಹೇಳುವ ಮಾತು: ‘ಕೂತ್ಕೊಳಮ್ಮ. ನಿನ್ನ ಮನೆ ವಿಷಯ ಆದ್ರೆ ನನ್ನಲ್ಲೇ ಇರುತ್ತೆ. ಯಾರ ಜೀವಕ್ಕಾದ್ರೂ ಅಪಾಯ ಅಂತಿದ್ರೆ ಮುಚ್ಚಿಡಕ್ಕಾಗಲ್ಲ. ಇಲ್ಲಿ ಯಾರಾದ್ರೂ ಕಿರುಕುಳ ಕೊಟ್ಟಿದ್ರೆ ಅದನ್ನ ಕೇಳೋಕೇ ಅಂತ ಸಮಿತಿ ಇದೆ, ದೂರು ಬರೆಯೋಕೆ ಜೊತೆಗಿರ್ತೀನಿ.’ 10 ಅಥವಾ ಹೆಚ್ಚು ಜನ ದುಡಿಯುವ ಕಡೆ ಆಂತರಿಕ ಸಮಿತಿ ಇರಬೇಕೆಂದು ಕೆಲಸದ ಸ್ಥಳದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆ ಹೇಳುತ್ತದೆ.

ಪದವಿಯಲ್ಲಿ ಮನಃಶಾಸ್ತ್ರ ಓದಿದ ಮಾತ್ರಕ್ಕೆ ಚಿಕಿತ್ಸೆ ಕೊಡುವ ಅಧಿಕಾರ ಬರುವುದಿಲ್ಲ. ಕ್ಲಿನಿಕಲ್ ಸೈಕಾಲಜಿಸ್ಟ್ ಆಗಲು ಬೇರೆಯೇ ತರಬೇತಿ, ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಬೇಕು. ನನ್ನ ಕೆಲಸ ಸಂಕಟವನ್ನು ಗುರುತಿಸುವುದು, ಸರಿಯಾದ ಕಡೆ ಕಳಿಸುವುದು, ವಾಪಸ್ ಬಂದಾಗ ಅವರ ಜಾಗ ಉಳಿದಿರುವಂತೆ ನೋಡಿಕೊಳ್ಳುವುದು. ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿಯ 14416 ಸಂಖ್ಯೆ ನಮ್ಮ ಕ್ಯಾಂಟೀನಿನ ಗೋಡೆಯ ಮೇಲಿದೆ.

ಸೇರುವ ಮುನ್ನ

ಬ್ರಿಟನ್ನಿನ ಕೆಲವು ವಿಶ್ವವಿದ್ಯಾಲಯಗಳಲ್ಲಿ ಮನಃಶಾಸ್ತ್ರ, ಎಚ್‌ಆರ್ ಎರಡನ್ನೂ ಸೇರಿಸಿದ ಒಂದೇ ಆನರ್ಸ್ ಪದವಿ ಇದೆ. ನಮ್ಮಲ್ಲಿ ಸಾಮಾನ್ಯವಾಗಿ ಎರಡು ಮೆಟ್ಟಿಲಲ್ಲಿ ಹತ್ತಬೇಕು. ಬಿ.ಎ. ಅಥವಾ ಬಿ.ಎಸ್ಸಿ.ಯಲ್ಲಿ ಮನಃಶಾಸ್ತ್ರ ಓದಿ, ಆಮೇಲೆ ಎಚ್‌ಆರ್ ವಿಶೇಷ ವಿಷಯವಾಗಿರುವ ಎಂಬಿಎ ಅಥವಾ ಎಂಎಸ್‌ಡಬ್ಲ್ಯು ಮಾಡುವುದು ಒಂದು ದಾರಿ. ಬಿಬಿಎ, ಬಿ.ಕಾಂ. ಮಾಡಿ ಕೆಲಸಕ್ಕೆ ಸೇರಿದವರು 2025ರ ಮಧ್ಯದವರೆಗೆ ಇಗ್ನೋದಂಥ ಮುಕ್ತ ವಿಶ್ವವಿದ್ಯಾಲಯದಲ್ಲಿ ಮನಃಶಾಸ್ತ್ರದ ಎಂ.ಎ.ಗೆ ಸೇರಬಹುದಿತ್ತು.

ಕಾಲೇಜಿಗೆ ಹೋದಾಗ ಕಟ್ಟಡ ನೋಡಿ ಬರಬೇಡಿ. ಪ್ರಯೋಗಾಲಯದ ಬೀಗ ತೆಗೆಸಿ, ಉಪಕರಣದ ಮೇಲೆ ದೂಳಿದೆಯೇ ನೋಡಿ. ಸಂಖ್ಯಾಶಾಸ್ತ್ರ ಯಾರು ಕಲಿಸುತ್ತಾರೆ ಕೇಳಿ. ಆ ವಿಷಯಕ್ಕೆ ಹೆದರುವ ಮಕ್ಕಳಿಗೆ 0.42ಕ್ಕೂ 0.19ಕ್ಕೂ ಇರುವ ವ್ಯತ್ಯಾಸ ಎಂದೂ ಅರ್ಥವಾಗುವುದಿಲ್ಲ. ಕಾರ್ಮಿಕ ಕಾನೂನಿನ ಪಾಠ ಇದೆಯೇ, ಫೀಲ್ಡ್ ವರ್ಕ್ ಬರೀ ಸಹಿ ಹಾಕಿಸಿಕೊಳ್ಳುವುದೋ ನಿಜವಾಗಿ ನಡೆಯುವುದೋ ವಿಚಾರಿಸಿ.

ಕೆಲಸ ಸಿಗುತ್ತದೆ: ನೇಮಕಾತಿ, ತರಬೇತಿ, ಕಾರ್ಮಿಕ ಸಂಬಂಧ, ಕಲ್ಯಾಣ ವಿಭಾಗಗಳಲ್ಲಿ. ಆ ಕೆಲಸದ ತೂಕವನ್ನೂ ಮಕ್ಕಳಿಗೆ ಮೊದಲೇ ಹೇಳಿ. ಎಚ್‌ಆರ್ ಮೇಜಿನ ಮೇಲೆ ಹತ್ತು ನಿಮಿಷದಲ್ಲಿ ಹಾಕುವ ಒಂದು ಸಹಿ ಇನ್ನೊಂದು ಮನೆಯ ಅನ್ನದ ಪ್ರಶ್ನೆ. ಆ ಸಹಿ ಹಾಕುವವರಿಗೆ ಎದುರಿಗಿರುವ ಮನುಷ್ಯನೂ ಅರ್ಥವಾಗಬೇಕು, ಅವನಿಗಿರುವ ಹಕ್ಕುಗಳೂ ಗೊತ್ತಿರಬೇಕು. ಇವೆರಡನ್ನೂ ಕಲಿಯುವಷ್ಟು ತಾಳ್ಮೆ ಇರುವ ಮಕ್ಕಳು ಈ ಕ್ಷೇತ್ರಕ್ಕೆ ಬರಬೇಕು.