ಕೇಳುಗರ ಪಾಠಶಾಲೆ

ಪ್ಲೇಗಿನ ಹಾವಳಿಗೆ ಬೆಂಗಳೂರು ತತ್ತರಿಸಿದ 1898ರಲ್ಲಿ, ಹಳೆಯ ಪೇಟೆಯ ಇಕ್ಕಟ್ಟಿನಿಂದ ಜನರನ್ನು ಹೊರತಂದು ಗಾಳಿ ಬೆಳಕುಗಳುಳ್ಳ ಬಯಲಿನಲ್ಲಿ ನೆಲೆಗೊಳಿಸಬೇಕೆಂಬ ಉದ್ದೇಶದಿಂದ ರೂಪುಗೊಂಡ ಬಸವನಗುಡಿ ಮಲ್ಲೇಶ್ವರಗಳೂ, ಅವುಗಳಿಗಿಂತ ಮೊದಲೇ, 1892ರಲ್ಲಿ, ಕೋಟೆಯ ಮಗ್ಗುಲಲ್ಲಿ ತಲೆಯೆತ್ತಿದ ಚಾಮರಾಜಪೇಟೆಯೂ ಬರಿಯ ವಾಸದ ಬಡಾವಣೆಗಳಾಗಿ ಉಳಿಯದೆ, ಅರ್ಧ ಶತಮಾನ ತುಂಬುವುದರೊಳಗಾಗಿ ಒಂದು ವಿಸ್ತಾರವಾದ ಸಂಗೀತ ಪಾಠಶಾಲೆಯಾಗಿ ಪರಿಣಮಿಸಿದುದು ಈ ನಗರದ ಸುಕೃತವೆಂದೇ ಹೇಳಬೇಕು. ಆ ಪಾಠಶಾಲೆಯಲ್ಲಿ ನಡುಮನೆಯಲ್ಲಿ ಶ್ರುತಿಪೆಟ್ಟಿಗೆಯ ಮುಂದೆ ಕುಳಿತು ಕಂಠದಿಂದ ಕಲಿಯುವವರಿದ್ದರು. ಸಭೆಯಲ್ಲಿ ಕುಳಿತು ಕಿವಿಯಿಂದಲೇ ಕಲಿಯುವವರೂ ಇದ್ದರು. ಮೊದಲನೆಯವರ ವಿಷಯವಾಗಿ ಬೇಕಾದಷ್ಟು ಬರೆದಿದ್ದಾರೆ. ಎರಡನೆಯವರಿಗೂ, ಅಂದರೆ ಎಂದಿಗೂ ವೇದಿಕೆಯೇರದ ಸಾಮಾನ್ಯ ಶ್ರೋತೃವಿಗೂ, ಸಂಗೀತದ ಮೊದಲ ಪಾಠಗಳು ಅವಶ್ಯವೆಂಬುದೇ ಇಲ್ಲಿ ನನ್ನ ನಿವೇದನೆ.

ಈ ಬಡಾವಣೆಗಳ ಸಂಗೀತಜೀವನವನ್ನು ಪೋಷಿಸಿದ ಸಂಸ್ಥೆಗಳಲ್ಲಿ ಹಿರಿಯದು ಬೆಂಗಳೂರು ಗಾಯನ ಸಮಾಜ. 1905ರಲ್ಲಿ ಸ್ಥಾಪಿತವಾಗಿ, ಕೃಷ್ಣರಾಜೇಂದ್ರ ರಸ್ತೆಯಲ್ಲಿ ತನ್ನದೇ ಆದ ಸಭಾಂಗಣವನ್ನು ಪಡೆದು, ಶತಮಾನವನ್ನು ದಾಟಿ ಬಂದಿರುವ ಈ ಸಮಾಜವು ಕಚೇರಿಗಳನ್ನು ಏರ್ಪಡಿಸುವುದರಲ್ಲಿಯೇ ತೃಪ್ತವಾಗದೆ, ವಾರ್ಷಿಕ ಸಮ್ಮೇಳನದ ಬೆಳಗಿನ ಹೊತ್ತನ್ನು ವಿದ್ವಾಂಸರ ಸೋದಾಹರಣ ಭಾಷಣಗಳಿಗೆ ಮೀಸಲಿಟ್ಟಿತು. ಸಂಜೆ ಕೇಳಿದ ರಾಗವನ್ನು ಮರುದಿನ ಬೆಳಗ್ಗೆ ಬಿಡಿಸಿ ನೋಡುವ, ಲಕ್ಷ್ಯವನ್ನೂ ಲಕ್ಷಣವನ್ನೂ ಒಂದೇ ಸೂರಿನಡಿ ಕೂಡಿಸುವ ಈ ಕ್ರಮವು ಆ ಸಂಸ್ಥೆ ನಮಗೆ ಕೊಟ್ಟಿರುವ ಅತ್ಯಂತ ಬೆಲೆಯುಳ್ಳ ಕಾಣಿಕೆಯೆಂದು ನಾನು ಭಾವಿಸಿದ್ದೇನೆ.

ಚಾಮರಾಜಪೇಟೆಯ ಶ್ರೀ ರಾಮಸೇವಾ ಮಂಡಳಿಯ ರೀತಿಯೇ ಬೇರೆ. ಎಸ್.ವಿ. ನಾರಾಯಣಸ್ವಾಮಿ ರಾಯರು 1939ರಲ್ಲಿ ಆರಂಭಿಸಿದ ಆ ರಾಮೋತ್ಸವವು ಕ್ರಮೇಣ ಬೆಳೆದು, ಕೋಟೆ ಹೈಸ್ಕೂಲಿನ ಮೈದಾನದ ಚಪ್ಪರದಡಿಯಲ್ಲಿ ವಾರಗಟ್ಟಲೆ ನಡೆಯುವ ಸಂಗೀತೋತ್ಸವವಾಯಿತು. ಎಂ.ಎಸ್. ಸುಬ್ಬುಲಕ್ಷ್ಮಿಯವರಂತಹ ಗಾಯಕಿಯರು ಹಾಡಿದ ಆ ಚಪ್ಪರದಲ್ಲಿ ಸಭಾಂಗಣದ ಬಿಗುವಿಲ್ಲ. ಚೈತ್ರದ ಸೆಕೆ, ಪಾನಕ ಕೋಸಂಬರಿಗಳ ನೆನಪು, ದೂರದಿಂದ ಕೇಳಿಬರುವ ಬಸ್ಸಿನ ಸದ್ದು ಎಲ್ಲವೂ ಅಲ್ಲಿ ಸಂಗೀತದ ಜೊತೆಗೇ ಇರುತ್ತವೆ. ಅಲ್ಲಿ ಹಾಡುವವರ ಮುಖವನ್ನಷ್ಟೇ ಅಲ್ಲ, ಕೇಳುವವರ ಕೈಗಳನ್ನೂ ನೋಡಬೇಕು. ಆದಿತಾಳದ ಕೃತಿಯೊಂದು ಆರಂಭವಾಯಿತೆನ್ನಿ. ಸಾಲುಸಾಲು ಜನರು ತೊಡೆಯ ಮೇಲೆ ಒಂದು ಘಾತ, ಬಳಿಕ ಕಿರುಬೆರಳು, ಉಂಗುರದ ಬೆರಳು, ನಡುಬೆರಳುಗಳ ಎಣಿಕೆ, ಅನಂತರ ಘಾತವೊಂದು ವಿಸರ್ಜಿತವೊಂದರಂತೆ ಎರಡು ದ್ರುತಗಳು, ಹೀಗೆ ಎಂಟು ಅಕ್ಷರಗಳ ಆವರ್ತವನ್ನು ಯಾರ ಸನ್ನೆಯೂ ಇಲ್ಲದೆ ಒಟ್ಟಿಗೆ ಮುಗಿಸಿ ಒಟ್ಟಿಗೆ ಮರಳಿ ಹಿಡಿಯುತ್ತಾರೆ. ಅವರಲ್ಲಿ ಅನೇಕರಿಗೆ ಅದು ಚತುರಶ್ರಜಾತಿ ತ್ರಿಪುಟತಾಳವೆಂಬ ಶಾಸ್ತ್ರನಾಮ ತಿಳಿದಿರಲಾರದು. ಆದರೂ ತನಿ ಆವರ್ತನದಲ್ಲಿ ಮೃದಂಗವು ಎಣಿಕೆಯನ್ನು ಮರೆಮಾಚಿ ಎಲ್ಲೆಲ್ಲೋ ಸುತ್ತಾಡಿ ಸಮಕ್ಕೆ ಬಂದು ನಿಂತಾಗ ಆ ಕೈಗಳು ಪಡುವ ಆನಂದವು ಎಣಿಕೆಯನ್ನು ಬಿಡದೆ ಹಿಡಿದವರಿಗೆ ಮಾತ್ರವೇ ಲಭ್ಯವಾದುದು.

ಶಾಸ್ತ್ರವೆಂದೊಡನೆ ಅಂಜುವ ಶ್ರೋತೃವಿಗೆ ನಾನು ತೋರಿಸಬಯಸುವುದು ಮೊದಲು ತಂಬೂರಿಯನ್ನು. ಮಂದ್ರ ಪಂಚಮ, ಎರಡು ಸಾರಣಿ ಷಡ್ಜ, ಒಂದು ಮಂದ್ರ ಷಡ್ಜ, ಇಷ್ಟೇ ನಾಲ್ಕು ತಂತಿಗಳು. ಕಚೇರಿಗೆ ಮುನ್ನ ಶ್ರುತಿ ಕೂಡಿಸುವವರು ಬಿರಡೆಯನ್ನು ತಿರುಗಿಸಿ, ಮಣಿಯನ್ನು ಸರಿಸಿ, ಕೊನೆಗೆ ಕುದುರೆಯ ಮೇಲೆ ತಂತಿಯ ಅಡಿಯಲ್ಲಿರುವ ನೂಲಿನ ಎಳೆಯನ್ನು ಎಳ್ಳಷ್ಟು ಆಚೀಚೆ ಜರುಗಿಸುತ್ತಾರೆ. ಅದು ತಕ್ಕ ಸ್ಥಾನಕ್ಕೆ ಬಂದ ಕ್ಷಣವೇ, ಅಲ್ಲಿಯವರೆಗೆ ಮೊಂಡಾಗಿದ್ದ ನಾದವು ಅರಳಿ, ಮಂದ್ರ ಷಡ್ಜದ ತಂತಿಯೊಳಗಿನಿಂದ ಯಾರೂ ಮೀಟದ ಗಾಂಧಾರವೊಂದು ಸ್ಪಷ್ಟವಾಗಿ ಕೇಳಿಸುತ್ತದೆ. ಸ್ವಯಂಭೂಸ್ವರವೆಂದು ಶಾಸ್ತ್ರಜ್ಞರು ಕರೆಯುವುದು ಇದನ್ನೇ. ಅದನ್ನು ಒಮ್ಮೆ ಕಿವಿಯಾರೆ ಕೇಳಿದವರಿಗೆ ಅಂತರಗಾಂಧಾರವೆಂಬುದು ಪುಸ್ತಕದ ಪದವಾಗಿ ಉಳಿಯುವುದಿಲ್ಲ.

ಆ ಗಾಂಧಾರವೇ ಮೊದಲ ಪಾಠದ ರಾಗದಲ್ಲಿಯೂ ಇದೆ. ಸರಳೆ ವರಸೆ, ಜಂಟಿ ವರಸೆ, ದಾಟು ವರಸೆ, ಸಪ್ತತಾಳಗಳ ಅಲಂಕಾರ, ಅವುಗಳ ಹಿಂದೆಯೇ ಮಲಹರಿಯ ಪಿಳ್ಳಾರಿ ಗೀತೆಗಳು, ಈ ಅಭ್ಯಾಸಕ್ರಮವನ್ನು ಹಾಕಿಕೊಟ್ಟವರು ಪುರಂದರದಾಸರೆಂಬುದು ಪರಂಪರೆಯ ದೃಢವಾದ ನಂಬಿಕೆ. ಕರ್ನಾಟಕ ಸಂಗೀತ ಪಿತಾಮಹರೆಂಬ ಗೌರವವು ಅವರಿಗೆ ಸಂದಿರುವುದೂ ಇದರಿಂದಲೇ. ಆರಂಭದ ಸ್ವರಪಾಠಗಳಿಗೆ ಮಾಯಾಮಾಳವಗೌಳವನ್ನು ಆರಿಸಿದುದರ ಜಾಣ್ಮೆಯನ್ನು ಸ್ವಲ್ಪ ನಿಂತು ನೋಡಬೇಕು. ಷಡ್ಜದಿಂದ ಶುದ್ಧ ರಿಷಭಕ್ಕೆ ಕಿರಿದಾದ ಹೆಜ್ಜೆ, ಅಲ್ಲಿಂದ ಅಂತರಗಾಂಧಾರಕ್ಕೆ ದೊಡ್ಡ ನೆಗೆತ, ಅಲ್ಲಿಂದ ಶುದ್ಧ ಮಧ್ಯಮಕ್ಕೆ ಮತ್ತೆ ಕಿರಿದಾದ ಹೆಜ್ಜೆ. ಪಂಚಮವನ್ನು ಹಿಡಿದು ಮೇಲೇರಿದರೆ ಧೈವತ ನಿಷಾದ ತಾರಷಡ್ಜಗಳಲ್ಲಿ ಅದೇ ಅಳತೆಯ ಪುನರಾವೃತ್ತಿ. ಪೂರ್ವಾಂಗವನ್ನು ಕಲಿತ ಮಗುವಿನ ಕಂಠವು ಉತ್ತರಾಂಗವನ್ನು ಅರ್ಧ ತಾನೇ ಕಂಡುಕೊಳ್ಳುತ್ತದೆ. ಸಮೀಪದ ಸ್ವರವನ್ನು ಒರಟಾಗಿಸದೆ ಹಿಡಿಯುವ ಸೂಕ್ಷ್ಮವೂ, ದೂರದ ಸ್ವರವನ್ನು ತಡವರಿಸದೆ ಮುಟ್ಟುವ ಧೈರ್ಯವೂ ಒಂದೇ ಪಾಠದಲ್ಲಿ ದೊರೆಯುತ್ತವೆ. ಅದನ್ನೇ ಮೂರು ಕಾಲಗಳಲ್ಲಿ ಹಾಡಿಸಿದಾಗ, ತಾಳ ಹಾಕುವ ಕೈಯ ನಡೆ ಬದಲಾಗದೆ ಕಂಠದ ವೇಗ ಮಾತ್ರ ಇಮ್ಮಡಿ ನಾಲ್ಮಡಿಯಾಗುವುದರಿಂದ, ಲಯಜ್ಞಾನದ ತಳಹದಿಯೂ ಬೀಳುತ್ತದೆ.

ಮೇಳಕರ್ತರಾಗಗಳ ಲೆಕ್ಕವೂ ಕಠಿಣವಲ್ಲ. ರಿಷಭ ಗಾಂಧಾರಗಳನ್ನು ಜೋಡಿಸುವ ಬಗೆಗಳು ಆರು. ಧೈವತ ನಿಷಾದಗಳನ್ನು ಜೋಡಿಸುವ ಬಗೆಗಳೂ ಆರು. ಒಂದೊಂದನ್ನೂ ಇನ್ನೊಂದರೊಡನೆ ಕೂಡಿಸಿದರೆ 36. ಶುದ್ಧ ಮಧ್ಯಮದಲ್ಲಿ ಒಮ್ಮೆ, ಪ್ರತಿ ಮಧ್ಯಮದಲ್ಲಿ ಒಮ್ಮೆ ಎಣಿಸಿದರೆ 72. ಈ ಪ್ರಸ್ತಾರವನ್ನು ಹದಿನೇಳನೆಯ ಶತಮಾನದಲ್ಲಿ ‘ಚತುರ್ದಂಡೀ ಪ್ರಕಾಶಿಕೆ’ಯಲ್ಲಿ ನಿರೂಪಿಸಿದ ವೆಂಕಟಮಖಿಯು ತಂಜಾವೂರಿನ ನಾಯಕರಲ್ಲಿ ಅಮಾತ್ಯನಾಗಿದ್ದ ಕನ್ನಡ ಮೂಲದ ಗೋವಿಂದ ದೀಕ್ಷಿತನ ಮಗನೆಂಬುದು ನಮಗೆ ಅಭಿಮಾನದ ಸಂಗತಿ. ಮೇಳದ ಸಂಖ್ಯೆಯು ರಾಗದ ಹೆಸರಿನ ಮೊದಲೆರಡು ಅಕ್ಷರಗಳಲ್ಲಿಯೇ ಅಡಗಿರುವುದುಂಟು. ಕಟಪಯಾದಿಯ ಪ್ರಕಾರ ‘ಮಾ’ ಎಂದರೆ ಐದು, ‘ಯಾ’ ಎಂದರೆ ಒಂದು. ತಿರುಗಿಸಿ ಓದಿದರೆ 15, ಅದೇ ಮಾಯಾಮಾಳವಗೌಳದ ಸ್ಥಾನ. ಪರೀಕ್ಷೆಗಾಗಿ ಈ ಸಂಖ್ಯೆಗಳನ್ನು ಉರುಹಚ್ಚಿಸಿ, ರಾಗದ ಛಾಯೆಯನ್ನು ಒಮ್ಮೆಯೂ ಕೇಳಿಸದೆ ಮಕ್ಕಳನ್ನು ಮುಂದಕ್ಕೆ ದೂಡುವ ಪದ್ಧತಿಯು ಹರಡುತ್ತಿರುವುದು ಮಾತ್ರ ಶೋಚನೀಯ. ಶಂಕರಾಭರಣವು 29ನೆಯ ಮೇಳವೆಂದು ಒಪ್ಪಿಸಬಲ್ಲ ಹುಡುಗನಿಗೆ, ಮುಂದೆ ಯಾರಾದರೂ ಶಂಕರಾಭರಣವನ್ನು ಹಾಡಿದರೆ ಗುರುತು ಸಿಕ್ಕದಿದ್ದಲ್ಲಿ ಆ ವಿದ್ಯೆಯಿಂದ ಏನು ಫಲ?

ವಾಗ್ಗೇಯಕಾರರ ಪರಿಚಯವೂ ಈ ಮೊದಲ ಪಾಠಗಳ ಬಾಗಿಲಿನಿಂದಲೇ ಆಗಬೇಕು. ತ್ಯಾಗರಾಜರು (1767–1847), ಮುತ್ತುಸ್ವಾಮಿ ದೀಕ್ಷಿತರು, ಶ್ಯಾಮಾಶಾಸ್ತ್ರಿಗಳು, ಈ ಮೂವರೂ ತಿರುವಾರೂರಿನಲ್ಲಿ ಜನಿಸಿದವರು. ಇವರಲ್ಲಿ ದೀಕ್ಷಿತರ ಪ್ರಥಮ ಕೃತಿಯೆಂದು ಸಂಪ್ರದಾಯವು ಹೇಳುವ, ತಿರುತ್ತಣಿಯಲ್ಲಿ ಹುಟ್ಟಿದ ‘ಶ್ರೀನಾಥಾದಿ’ಯು ಮಾಯಾಮಾಳವಗೌಳದಲ್ಲಿದೆ, ಅದರ ಪಲ್ಲವಿಯ ಆರಂಭದಲ್ಲಿ ಸರಳೆಯ ಆರೋಹಣ ಅವರೋಹಣಗಳ ನಡಿಗೆಯೇ ಎದ್ದು ಕಾಣುತ್ತದೆ. ಮಗುವಿನ ಮೊದಲ ಪಾಠವನ್ನೇ ಮಹಾಕವಿಯೊಬ್ಬನು ಎತ್ತಿಕೊಂಡು ಗುರುಸ್ತುತಿಯಾಗಿ ಮಾರ್ಪಡಿಸಿದ ಈ ಸಂಗತಿಯನ್ನು, ಸರಳೆ ವರಸೆಯನ್ನು ಎಂದೂ ಬಾಯಾರೆ ಹಾಡಿರದ ಶ್ರೋತೃವು ಹೇಗೆ ಅನುಭವಿಸಿಯಾನು? ಆತನು ಕೃತಿಯನ್ನು ಕೇಳುತ್ತಾನೆ. ಕೃತಿಯೊಳಗಿನ ನಮಸ್ಕಾರವನ್ನು ಕೇಳುವುದಿಲ್ಲ. ತ್ಯಾಗರಾಜರು ತಮ್ಮ ‘ಪ್ರಹ್ಲಾದ ಭಕ್ತಿ ವಿಜಯ’ದ ಆದಿಯಲ್ಲಿ ಪುರಂದರದಾಸರನ್ನು ವಂದಿಸಿರುವುದನ್ನೂ ಇದರೊಡನೆಯೇ ಸ್ಮರಿಸಬೇಕು.

ತಿರುವಾರೂರು ತಿರುವಯ್ಯಾರುಗಳಿಂದ ಬಸವನಗುಡಿಗೆ ಈ ವಿದ್ಯೆಯು ಹರಿದುಬಂದ ದಾರಿಗಳಲ್ಲಿ ಮೈಸೂರಿನದು ಮುಖ್ಯವಾದುದು. ತ್ಯಾಗರಾಜರ ಶಿಷ್ಯರಾದ ವಾಲಾಜಾಪೇಟೆ ವೆಂಕಟರಮಣ ಭಾಗವತರಲ್ಲಿ ಕಲಿತವರು ಮೈಸೂರು ಸದಾಶಿವರಾಯರು. ಸದಾಶಿವರಾಯರಲ್ಲಿ ಕಲಿತವರು ವೀಣೆ ಶೇಷಣ್ಣನವರು (1852–1926). ಅರಸರ ಆಶ್ರಯದಿಂದ ತಿರುವಯ್ಯಾರಿಗೆ ಹೋಗಿ ಪಟ್ಣಂ ಸುಬ್ರಹ್ಮಣ್ಯ ಅಯ್ಯರ್ ಅವರಲ್ಲಿ ಗುರುಕುಲವಾಸ ಮಾಡಿ ಬಂದ ವಾಸುದೇವಾಚಾರ್ಯರು (1865–1961) ಹಾಡಿಕೆಯಲ್ಲಿ ಮಾತ್ರವಲ್ಲದೆ ‘ನಾ ಕಂಡ ಕಲಾವಿದರು’ ಎಂಬ ಪುಸ್ತಕದಲ್ಲಿಯೂ ಆ ಕಾಲವನ್ನು ಉಳಿಸಿಕೊಟ್ಟರು. ಬಸವನಗುಡಿಯ ಡಿ.ವಿ.ಜಿ. ಅವರು ‘ಜ್ಞಾಪಕ ಚಿತ್ರಶಾಲೆ’ಯ ಒಂದು ಸಂಪುಟವನ್ನೇ ಕಲೋಪಾಸಕರಿಗೆ ಮೀಸಲಿಟ್ಟರು. ಧ್ವನಿವರ್ಧಕವಿಲ್ಲದ ಸಭೆಗಳಲ್ಲಿ ಹಿಂದಿನ ಸಾಲಿಗೂ ನಾದ ಮುಟ್ಟಲೆಂದು ಪಿಟೀಲಿಗೆ ಏಳು ತಂತಿಗಳನ್ನು ಕಟ್ಟಿದ ಚೌಡಯ್ಯನವರ ಸ್ಮಾರಕವಾಗಿ ಮಲ್ಲೇಶ್ವರದ ಅಂಚಿನಲ್ಲಿ 1980ರಲ್ಲಿ ಎದ್ದ ಸಭಾಭವನವು ಪಿಟೀಲಿನ ಆಕಾರದಲ್ಲಿಯೇ ಇದೆ. ಜಯಚಾಮರಾಜ ಒಡೆಯರ ತೊಂಬತ್ತನಾಲ್ಕು ಕೃತಿಗಳಲ್ಲಿ ಹಲವು ನಮ್ಮ ವೇದಿಕೆಗಳಲ್ಲಿ ಇಂದಿಗೂ ವಿರಳವಾಗಿರುವುದು ಖೇದದ ಮಾತು. ಅಪೂರ್ವ ರಾಗಗಳನ್ನು ಕೇಳಬಲ್ಲ ಕಿವಿಗಳು ಹೆಚ್ಚಿದರೆ ಹಾಡುವವರೂ ಹೆಚ್ಚುವರು.

ಆದಕಾರಣ ಈ ನಗರದ ಸಭೆಗಳಲ್ಲಿ ನನ್ನದೊಂದು ಪ್ರಾರ್ಥನೆ. ಸೋದಾಹರಣ ಭಾಷಣಗಳು ಈಗ ಪ್ರಾಯಶಃ ಬಲ್ಲವರಿಗಾಗಿಯೇ ನಡೆಯುತ್ತಿವೆ. ಅವುಗಳ ಪಕ್ಕದಲ್ಲಿ, ಕಚೇರಿಗೆ ಅರ್ಧ ಗಂಟೆ ಮೊದಲು, ಏನೂ ಕಲಿಯದೆ ಬಂದವರಿಗಾಗಿ ಒಂದು ಪಾಠವಿರಲಿ. ತಂಬೂರಿಯನ್ನು ಅವರ ಎದುರಿನಲ್ಲಿಯೇ ಶ್ರುತಿ ಮಾಡಲಿ. ಸರಳೆಯ ಎರಡು ಸಾಲುಗಳನ್ನು ಅವರಿಂದಲೇ ಹಾಡಿಸಲಿ. ಆದಿತಾಳವನ್ನು ಕೈಯಲ್ಲಿ ಹಿಡಿಸಲಿ. ಅಂದು ಪ್ರಧಾನವಾಗಿ ವಿಸ್ತರಿಸಲಿರುವ ರಾಗದ ಎರಡು ಸಂಚಾರಗಳನ್ನು ವಿದ್ವಾಂಸರೇ ತೋರಿಸಲಿ. ಸಂಕೋಚದಿಂದ ಹಿಂದಿನ ಸಾಲಿನಲ್ಲಿ ಕುಳಿತಿರುವವರಿಗೂ, ದೂರದ ಹೊಸ ಬಡಾವಣೆಗಳಿಂದ ಮಕ್ಕಳನ್ನು ಕರೆದುಕೊಂಡು ಬರುವ ತಂದೆತಾಯಿಗಳಿಗೂ ಇದರಿಂದ ಆಗುವ ಉಪಕಾರ ದೊಡ್ಡದು. ಖರ್ಚು ಸ್ವಲ್ಪವೇ, ರಾಮೋತ್ಸವದ ಚಪ್ಪರದಲ್ಲಿ ಬರುವ ಚೈತ್ರದಿಂದಲೇ ಇದನ್ನು ಆರಂಭಿಸಲು ಅಡ್ಡಿಯೇನೂ ಇಲ್ಲ.