ವ್ಯಾಪ್ತಿ ಮೀರಿದ ಸೂಚನೆಯ ಅರ್ಥ: ಮಲಪ್ರಭಾ ಬಯಲಿನ ಭೂರೋಧಶೀಲತಾ ಮಾಪನದ ಹಿನ್ನೆಲೆಯಲ್ಲಿ

ಅಂತರ್ಜಲವನ್ನು ಅರಸುವ ಕಾರ್ಯದಲ್ಲಿ ಭೂಮಿಯ ವಿದ್ಯುತ್ ರೋಧಶೀಲತೆಯನ್ನು ಅಳೆಯುವ ವಿಧಾನವು ಬಹುಕಾಲದಿಂದ ರೂಢಿಯಲ್ಲಿದೆ. ಬೆಳಗಾವಿ ಜಿಲ್ಲೆಯ ಬೈಲಹೊಂಗಲ, ಕಿತ್ತೂರು, ಸವದತ್ತಿ ಹಾಗೂ ರಾಮದುರ್ಗ ತಾಲೂಕುಗಳು ಈ ವಿಧಾನದ ಸಾಮರ್ಥ್ಯವನ್ನೂ ಮಿತಿಯನ್ನೂ ಒಟ್ಟಿಗೆ ತೋರಿಸುತ್ತವೆ. ಬೈಲಹೊಂಗಲ, ಸವದತ್ತಿಗಳ ಬಯಲಿನಲ್ಲಿ ಎರೆಮಣ್ಣಿನ ಹೊದಿಕೆಯಿದೆ. ಮಲಪ್ರಭೆಯು ಬೆಟ್ಟವನ್ನು ಸೀಳಿಕೊಂಡು ಹರಿಯುವ ನವಿಲುತೀರ್ಥದಲ್ಲಿಯೂ ರಾಮದುರ್ಗದ ಗುಡ್ಡಗಳಲ್ಲಿಯೂ ಕಲಾದಗಿ ಶಿಲಾಸಮೂಹದ ಮರಳುಗಲ್ಲು, ಬೆಣಚುಗಲ್ಲುಗಳು ಕಾಣುತ್ತವೆ. ಪಶ್ಚಿಮದ ಕಿತ್ತೂರಿನತ್ತ ಮಳೆಯ ಪ್ರಮಾಣ ಹೆಚ್ಚು. ಹಸಿಯಾದ ಎರೆಮಣ್ಣು ವಿದ್ಯುತ್ತಿಗೆ ಸುಲಭವಾಗಿ ಎಡೆಗೊಡುತ್ತದೆ. ಒಣಗಿದ ಬೆಣಚುಗಲ್ಲು ಅದನ್ನು ಬಲವಾಗಿ ತಡೆಯುತ್ತದೆ. ಇಂತಹ ಪ್ರದೇಶದಲ್ಲಿ ಉಪಕರಣವು ತನ್ನ ವ್ಯಾಪ್ತಿ ಮೀರಿದೆಯೆಂದು ಸೂಚಿಸುವುದು ಅಪರೂಪವಲ್ಲ. ಆ ಸೂಚನೆಯನ್ನು ಹೇಗೆ ಅರ್ಥೈಸಬೇಕು ಎಂಬುದೇ ಪ್ರಸ್ತುತ ಲೇಖನದ ವಿಷಯ.

1915ರಲ್ಲಿ ಫ್ರಾಂಕ್ ವೆನ್ನರ್ ವಿವರಿಸಿದ ಕ್ರಮದಲ್ಲಿ ನಾಲ್ಕು ವಿದ್ಯುದ್ವಾರಗಳನ್ನು ಸಮಾನ ಅಂತರದಲ್ಲಿ ಒಂದೇ ಸಾಲಿನಲ್ಲಿ ನೆಲಕ್ಕೆ ನೆಡಲಾಗುತ್ತದೆ. ಹೊರಗಿನ ಎರಡರ ಮೂಲಕ ಪ್ರವಾಹವನ್ನು ಹಾಯಿಸಿ, ಒಳಗಿನ ಎರಡರ ನಡುವಿನ ವಿಭವಾಂತರವನ್ನು ಅಳೆಯುತ್ತಾರೆ. ವಿಭವಾಂತರವನ್ನು ಪ್ರವಾಹದಿಂದ ಭಾಗಿಸಿದರೆ ರೋಧ ದೊರೆಯುತ್ತದೆ. ಅದನ್ನು ಅಂತರದಿಂದಲೂ 6.28ರಿಂದಲೂ ಗುಣಿಸಿದರೆ ತೋರಿಕೆಯ ರೋಧಶೀಲತೆ ಲಭಿಸುತ್ತದೆ. ಅಂತರ 10 ಮೀಟರ್, ಪ್ರವಾಹ 100 ಮಿಲಿಆಂಪಿಯರ್ ಎಂದಿಟ್ಟುಕೊಳ್ಳೋಣ. ನೆಲದ ರೋಧಶೀಲತೆ 5 ಓಮ್-ಮೀಟರ್ ಆಗಿದ್ದರೆ ವಿಭವಾಂತರ ಸುಮಾರು 8 ಮಿಲಿವೋಲ್ಟ್; 3000 ಓಮ್-ಮೀಟರ್ ಆಗಿದ್ದರೆ ಸುಮಾರು 4.8 ವೋಲ್ಟ್. 200 ಮಿಲಿವೋಲ್ಟ್ ವ್ಯಾಪ್ತಿಯಲ್ಲಿ ಎರಡನೆಯದು ಹಿಡಿಸುವುದಿಲ್ಲ. 20 ವೋಲ್ಟ್ ವ್ಯಾಪ್ತಿಯಲ್ಲಿ ಮೊದಲನೆಯದು ಕಟ್ಟಕಡೆಯ ಅಂಕಿಯನ್ನೂ ತುಂಬಲಾರದು.

ಸೂಚನೆ ಹುಟ್ಟುವ ಬಗೆಯನ್ನು ಅರಿತರೆ ಅದರ ಅರ್ಥವೂ ತಿಳಿಯಾಗುತ್ತದೆ. ಹೆಚ್ಚು ಬಳಕೆಯಲ್ಲಿರುವ ಒಂದು ಬಗೆಯ ಅಂಕೀಯ ಮಾಪಕವು ಒಳಬಂದ ವಿಭವವನ್ನು 1000 ಎಣಿಕೆಗಳ ಕಾಲ ಧಾರಕವೊಂದರಲ್ಲಿ ಸಂಗ್ರಹಿಸಿ, ಬಳಿಕ ಗೊತ್ತಾದ ಆಧಾರ ವಿಭವದ ನೆರವಿನಿಂದ ಅದನ್ನು ಸೊನ್ನೆಗಿಳಿಸುತ್ತದೆ. ಇಳಿಯಲು ಹಿಡಿದ ಎಣಿಕೆಯೇ ಅಳತೆ. 1999 ಎಣಿಕೆ ದಾಟಿದರೂ ಸೊನ್ನೆ ಮುಟ್ಟದಿದ್ದಲ್ಲಿ ಉಪಕರಣವು ಎಣಿಕೆಯನ್ನು ಕೈಬಿಟ್ಟು, ಎಡತುದಿಯಲ್ಲಿ ‘1’ ಎಂಬ ಅಂಕಿಯನ್ನು ಮಾತ್ರ ಉಳಿಸಿ ಉಳಿದ ಸ್ಥಾನಗಳನ್ನು ಬರಿದಾಗಿಡುತ್ತದೆ. ಕೆಲವು ಮಾಪಕಗಳಲ್ಲಿ ‘ಓಎಲ್’ ಎಂಬ ಅಕ್ಷರಗಳು ಮೂಡುತ್ತವೆ. ಆದುದರಿಂದ ಆ ‘1’ ಒಂದು ಮೌಲ್ಯವಲ್ಲ, ಅನಂತವೂ ಅಲ್ಲ. ಅದು ಒಂದು ಅಸಮತೆಯ ಹೇಳಿಕೆ. ಮೇಲಿನ ಉದಾಹರಣೆಯಲ್ಲಿ 200 ಮಿಲಿವೋಲ್ಟ್ ವ್ಯಾಪ್ತಿ ಮೀರಿತೆಂದರೆ ತೋರಿಕೆಯ ರೋಧಶೀಲತೆಯು ಸುಮಾರು 126 ಓಮ್-ಮೀಟರಿಗಿಂತ ಅಧಿಕವೆಂದಷ್ಟೇ ಸಿದ್ಧವಾಗುತ್ತದೆ. ವ್ಯಾಪ್ತಿಯನ್ನು ಹಿಗ್ಗಿಸಿ ಅಥವಾ ಪ್ರವಾಹವನ್ನು ತಗ್ಗಿಸಿ ಮರಳಿ ಅಳೆಯುವುದು ಇದಕ್ಕೆ ಪರಿಹಾರ.

ಇದಕ್ಕೆ ಹೊರನೋಟಕ್ಕೆ ಸಮಾನವಾಗಿ ಕಾಣುವ, ಆದರೆ ಸ್ವರೂಪದಲ್ಲಿ ತೀರ ಭಿನ್ನವಾದ ಇನ್ನೊಂದು ಸೂಚನೆಯುಂಟು. ಬೇಸಿಗೆಯಲ್ಲಿ ಎರೆಭೂಮಿ ಒಣಗಿ ಬಿರುಕು ಬಿಟ್ಟಾಗ ನೆಟ್ಟ ಗೂಟಕ್ಕೂ ಮಣ್ಣಿಗೂ ಸರಿಯಾದ ಸಂಪರ್ಕವಿರುವುದಿಲ್ಲ. ಆಗ ಉಪಕರಣವು ಗೊತ್ತುಪಡಿಸಿದ ಪ್ರವಾಹವನ್ನು ಹಾಯಿಸಲಾರದೆ ಎಚ್ಚರಿಸುತ್ತದೆ. ಇದು ಭೂಗರ್ಭದ ಬಗೆಗೆ ಏನನ್ನೂ ಹೇಳುವುದಿಲ್ಲ. ಹೇಳುವುದು ಗೂಟದ ಸುತ್ತಲಿನ ಕೆಲವು ಅಂಗುಲ ಮಣ್ಣಿನ ಸ್ಥಿತಿಯನ್ನು ಮಾತ್ರ. ಇದನ್ನು ಗಟ್ಟಿ ಬಂಡೆಯ ಲಕ್ಷಣವೆಂದು ಬಗೆದರೆ ನೀರಿರಬಹುದಾದ ತಾಣವೇ ಕೈತಪ್ಪುವುದು. ಗೂಟವನ್ನು ಇನ್ನಷ್ಟು ಆಳಕ್ಕಿಳಿಸುವುದು, ಸುತ್ತ ಉಪ್ಪುನೀರು ಸುರಿಯುವುದು, ಎರಡು ಮೂರು ಗೂಟಗಳನ್ನು ಜೋಡಿಸುವುದು ಇಲ್ಲಿನ ಪರಿಹಾರಗಳು.

ಸೂಚನೆಯಿಲ್ಲದಿರುವುದು ಅಳತೆ ಸರಿಯೆಂಬುದಕ್ಕೆ ಪ್ರಮಾಣವಲ್ಲ ಎಂಬುದನ್ನೂ ಗಮನಿಸಬೇಕು. ಮೇಲ್ಮಿತಿ ದಾಟಿದಾಗ ಎಚ್ಚರಿಸುವ ಸಾಮಾನ್ಯ ಮಾಪಕವು ಕೆಳಮಿತಿಯಲ್ಲಿ ಮೌನವಾಗಿರುತ್ತದೆ. ಅದೇ ಎರೆಭೂಮಿಯಲ್ಲಿ ಆಳದ ಪದರಗಳನ್ನು ಅರಿಯಲು ಅಂತರವನ್ನು 100 ಮೀಟರಿಗೆ ಹೆಚ್ಚಿಸಿದರೆ, ರೋಧಶೀಲತೆ 5 ಓಮ್-ಮೀಟರ್ ಆಗಿಯೇ ಉಳಿದಲ್ಲಿ, ವಿಭವಾಂತರ 0.8 ಮಿಲಿವೋಲ್ಟಿಗಿಳಿಯುತ್ತದೆ. 0.1 ಮಿಲಿವೋಲ್ಟಿನವರೆಗೆ ಮಾತ್ರ ತೋರುವ ಮಾಪಕದಲ್ಲಿ ಕೊನೆಯ ಒಂದು ಅಂಕಿಯ ಏರುಪೇರು ಶೇಕಡ 12.5ರಷ್ಟು ವ್ಯತ್ಯಾಸವನ್ನು ತರುತ್ತದೆ. ನೆಲದ ಸಹಜ ವಿಭವವೂ ಸಮೀಪದ ಪಂಪ್‌ಸೆಟ್ ತಂತಿಗಳಿಂದ ಬರುವ 50 ಹರ್ಟ್ಸ್ ಪ್ರಭಾವವೂ ಇದರೊಡನೆ ಬೆರೆಯಬಲ್ಲವು. ಪ್ರವಾಹದ ದಿಕ್ಕನ್ನು ಬದಲಿಸಿ ಪುನಃ ಅಳೆದು ಸರಾಸರಿ ತೆಗೆಯುವುದರಿಂದ ಸಹಜ ವಿಭವದ ದೋಷವನ್ನು ಬಹುಮಟ್ಟಿಗೆ ಕಳೆಯಬಹುದು.

ಈ ಕಾರಣದಿಂದ ಕ್ಷೇತ್ರಪುಸ್ತಕದ ದಾಖಲೆಗೆ ವಿಶೇಷ ಮಹತ್ವವಿದೆ. ಸೂಚನೆ ಬಂದ ಸ್ಥಾನವನ್ನು ಖಾಲಿ ಬಿಡುವುದಾಗಲಿ, ಅಲ್ಲಿ ‘1’ ಅಥವಾ ಸೊನ್ನೆಯನ್ನು ಬರೆಯುವುದಾಗಲಿ ಸಲ್ಲದು. ಯಾವ ಸೂಚನೆ, ಯಾವ ವ್ಯಾಪ್ತಿ, ಎಷ್ಟು ಪ್ರವಾಹ, ಎಷ್ಟು ಅಂತರ, ಮಣ್ಣು ಹಸಿಯೋ ಒಣವೋ ಎಂಬಿಷ್ಟನ್ನು ಬರೆದಿಟ್ಟರೆ ಮುಂದಿನ ಸಂಶೋಧಕನು ಅದರಿಂದಲೂ ಒಂದು ನಿರ್ಣಯಕ್ಕೆ ಬರಬಲ್ಲನು. ಕೊಳವೆಬಾವಿಯ ತಾಣವನ್ನು ಇಂತಹ ದಾಖಲೆಗಳ ಆಧಾರದಿಂದಲೇ ಗೊತ್ತುಮಾಡುವಲ್ಲಿ, ತಪ್ಪಾಗಿ ಓದಿದ ಒಂದು ಅಂಕಿಯ ಬೆಲೆಯನ್ನು ಸಾಲ ಮಾಡಿ ಬಾವಿ ಕೊರೆಸಿದ ರೈತನು ತೆರಬೇಕಾಗುತ್ತದೆ.